ಹಬ್ಬದ ಮುಂಜಾನೆ ಒಲಿ ಹಚ್ಚಬ್ಯಾಡ್ರಿ

ಉದ್ದದ ಪೋಸ್ಟ್ ಇದು, ಪುರುಸೊತ್ತು ಮಾಡ್ಕೊಂಡು ಓದಿ.

ಡಿಸೆಂಬರ್ 25 ಹತ್ತಿರ ಬಂತು. ಕ್ಯಾಲೆಂಡರಿನಲ್ಲಿ ಕ್ರಿಸ್‌ಮಸ್ ರಜೆ. ನಮಗೆ ಅದೇ ದಿನ ಮನುಸ್ಮೃತಿ ದಹನ ದಿನ. 1927ರ ಅವತ್ತು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಆ ಪುಸ್ತಕಕ್ಕೆ ಬೆಂಕಿ ಬಿತ್ತು. ಈ ಸಲದ ಕಾರ್ಯಕ್ರಮಗಳ ಕರಪತ್ರಗಳು ಈಗಾಗಲೇ ವಾಟ್ಸಾಪಿನಲ್ಲಿ ಓಡಾಡ್ತಿವೆ. ಅಧ್ಯಕ್ಷತೆ ಯಾರದು, ಮುಖ್ಯ ಭಾಷಣ ಯಾರದು, ಕ್ರಾಂತಿಗೀತೆ ಯಾರದು, ಎಲ್ಲಾ ಹೆಸರಿವೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: "ಬೆಳಿಗ್ಗೆ 8ಕ್ಕೆ ಉಪಾಹಾರ ಇರುತ್ತದೆ." ಅದನ್ನು ಯಾರು ಮಾಡ್ತಾರೆ, ಅವರು ಎಷ್ಟು ಗಂಟೆಗೆ ಏಳ್ತಾರೆ, ಭಾಷಣ ನಡೆಯುವಾಗ ಅವರು ಎಲ್ಲಿರ್ತಾರೆ ಅನ್ನೋದು ಯಾವ ಕರಪತ್ರದಲ್ಲೂ ಇರಲ್ಲ. ಉಪಾಹಾರ ತಾನೇ ಬಂದು ತಾಟಿನಲ್ಲಿ ಕುಂತ ಹಾಗೆ ಬರೆದಿರ್ತೇವೆ.

ನಾನು ಈ ಪೋಸ್ಟ್ ಹಾಕ್ತಿರೋದು ಆ ಒಂದು ಸಾಲಿನ ಬಗ್ಗೆ.

ವಿಜಯಪುರ ಜಿಲ್ಲೆಯ ನಮ್ಮ ಓಣಿಯಲ್ಲಿ ಏಪ್ರಿಲ್ 14 ಅಂದ್ರೆ ಯುಗಾದಿ, ದೀಪಾವಳಿ ಎರಡೂ ಸೇರಿದ ಹಬ್ಬ. ಮುಂಜಾನೆ 7ಕ್ಕೆ ಧ್ವಜ, ಮಾಲಾರ್ಪಣೆ, ಸಂವಿಧಾನದ ಪೀಠಿಕೆ ಓದೋದು, ಆಮೇಲೆ ನಾಷ್ಟಾ, ಸಂಜೆ ಮೆರವಣಿಗೆ. ವರ್ಷಾನುಗಟ್ಟಲೆ ನಡೆದದ್ದು ಏನು ಅಂದ್ರೆ, ಹೆಣ್ಣುಮಕ್ಕಳು ನಸುಕಿನ 4 ಗಂಟೆಗೆ ಎದ್ದು ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚೋರು. ಧ್ವಜ ಹಾರಿದ್ದು ನಮಗೆ ಚಪ್ಪಾಳೆಯ ಸದ್ದಿನಿಂದ ಗೊತ್ತಾಗೋದು. "ನಾರಿಯರಿಗೆ ಹಕ್ಕು ಕೊಟ್ಟ ಬಾಬಾಸಾಹೇಬರಿಗೆ" ಅಂತ ಮೈಕಿನಲ್ಲಿ ಕೂಗೋ ಹೊತ್ತಿಗೆ ನಾರಿಯರು ರವಾ ತಿರುವ್ತಾ ಇರೋರು. ಹೊಗಿ ಕಣ್ಣಿಗೆ, ಘೋಷಣೆ ಕಿವಿಗೆ.

ಇದು ನಮ್ಮ ಓಣಿದಷ್ಟೇ ಕತಿ ಅಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಮಾಡುವ ಗಂಡಸರು 97 ನಿಮಿಷ. ಹತ್ತಿರ ಹತ್ತಿರ ಐದು ತಾಸು, ಒಂದೂವರೆ ತಾಸು. ಇದು ದಿನನಿತ್ಯದ ಲೆಕ್ಕ. ರಜೆ ದಿನ ಬಂತಂದ್ರೆ ನಮ್ಮ ಕಡೆ ಹೆಣ್ಣುಮಕ್ಕಳ ಪಾಲಿನ ನಿಮಿಷ ಇನ್ನೂ ಏರುತ್ತೆ. ನಾನು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಶನಿವಾರ ಸಂಜೆ ಗಂಡಸರು "ನಾಳೆ ರಜಾ" ಅಂದ್ರೆ ಮೈಮುರಿದು ನಗ್ತಾರೆ. ನಾವು ಹೆಣ್ಣುಮಕ್ಕಳು ಮನಸ್ಸಿನಲ್ಲೇ ಹಿಟ್ಟಿನ ಡಬ್ಬಿ ತೆಗೆದು ನೋಡ್ತೀವಿ.

ರಜೆ ಅನ್ನೋದಕ್ಕೂ ಬಾಬಾಸಾಹೇಬರಿಗೂ ಸಂಬಂಧ ಇದೆ, ಅದನ್ನ ನಮ್ಮವರೇ ಮರೀತಾರೆ. 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಅವರು ಕಾರ್ಮಿಕ ಖಾತೆ ನೋಡ್ತಿದ್ರು. ಕಾರ್ಖಾನೆ ಕೆಲಸಗಾರರಿಗೆ ಸಂಬಳ ಸಹಿತ ರಜೆ ಅನ್ನೋದು ಕಾಯ್ದೆಯೊಳಗೆ ಬಂದದ್ದು 1945ರಲ್ಲಿ. ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಲ್ಲಿ. ದುಡಿಯೋ ಮನುಷ್ಯನಿಗೆ ವಿಶ್ರಾಂತಿ ಯಾರೋ ಕೊಡುವ ಭಿಕ್ಷೆ ಅಲ್ಲ, ಅದು ಹಕ್ಕು ಅಂತ ಕಾಯ್ದೆ ಬರೆಸಿದ ಮನುಷ್ಯನ ಜಯಂತಿ ದಿನ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಒಂದು ಮುಂಜಾನೆ ರಜೆ ಇಲ್ಲ ಅಂದ್ರೆ, ಎಲ್ಲೋ ಲೆಕ್ಕ ತಪ್ಪಿದೆ.

ಅದಕ್ಕೆ ಈ ವರ್ಷ ಮಾರ್ಚ್ ಕೊನೆಯ ಸಭೆಯಲ್ಲಿ ನಾವು ಐದಾರು ಜನ ಹೆಣ್ಣುಮಕ್ಕಳು ಒಂದು ಮಾತು ಇಟ್ವಿ. 14ರ ಮುಂಜಾನೆ ಓಣಿಯಲ್ಲಿ ಯಾರ ಮನೆಯಲ್ಲೂ ನಾಷ್ಟಾಕ್ಕೆ ಒಲಿ ಹತ್ತಬಾರದು. ಎಲ್ಲಾ ಮೊದಲೇ ಮಾಡಿ ಇಡೋದು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಝುಣಕದ ವಡಿ.

ಗಂಡಸರ ಕಡೆಯಿಂದ ಮೊದಲ ಉತ್ತರ: "ಕೇಟರಿಂಗ್‌ನವರಿಗೆ ಹೇಳೋಣು." ಎರಡು ವರ್ಷದ ಹಿಂದೆ ಅದೂ ಆಗಿತ್ತು. ಊರ ನಡುವಿನ ಒಬ್ಬ ಅಡಿಗಿಯವನಿಗೆ ಮುಂಗಡ ಕೊಟ್ಟು ಬಂದ್ವಿ. ಹಿಂದಿನ ರಾತ್ರಿ ಫೋನ್ ಮಾಡಿ "ಪಾತ್ರೆ ನಿಮ್ಮ ಓಣಿಗೆ ತರೋಕೆ ಆಗಲ್ರಿ, ಆಮೇಲೆ ಬ್ಯಾರೆ ಕಡೆ ಆರ್ಡರ್ ತಪ್ತಾವ" ಅಂದ. ಮುಂಗಡ ವಾಪಸ್ ಕೊಟ್ಟ, ಅಷ್ಟು ಒಳ್ಳೆಯವನು. ಅವತ್ತು ನಾವು ರಾತ್ರಿ 11ಕ್ಕೆ ರವಾ ಹುಡುಕ್ತಾ ಕಿರಾಣಿ ಅಂಗಡಿ ಬಾಗಿಲು ಬಡಿದದ್ದು ಎಲ್ಲರಿಗೂ ನೆನಪಿತ್ತು. ಕೇಟರಿಂಗ್ ಮಾತು ಅಲ್ಲಿಗೇ ನಿಂತಿತು.

ನಿಜವಾದ ವಿರೋಧ ಬಂದದ್ದು ನಾನು ಎಣಿಸದ ಕಡೆಯಿಂದ, ನಮ್ಮ ಅತ್ತಿಯಿಂದ.

ಅತ್ತಿಗೆ ಎಪ್ಪತ್ತು ದಾಟಿದೆ. ಸಭೆಯಲ್ಲಿ ಹಿಂದೆ ಗೋಡೆಗೆ ಒರಗಿ ಕುಂತಿದ್ರು. ನಿಧಾನಕ್ಕೆ ಎದ್ದು ಕೇಳಿದ್ರು, "ಯವ್ವಾ, ನಮ್ಮ ಅತ್ತಿ ಗೌಡರ ಮನಿ ಹಿತ್ತಲ ಬಾಗಿಲಿಗೆ ನಿಂತು ನಿನ್ನಿ ರೊಟ್ಟಿ ಉಡ್ಯಾಗ ಹಾಕಿಸ್ಕೊಂಡು ಬರ್ತಿದ್ಲು. ಅದನ್ನ ನೀರಾಗ ತೊಯ್ಸಿ ತಿಂದು ಬೆಳದೇವಿ. ಸಾಹೇಬರ ಜಯಂತಿ ದಿನಾನೂ ನಮಗ ನಿನ್ನಿ ರೊಟ್ಟಿನ ತಿನಸ್ತೀ ಏನ?"

ಯಾರೂ ಮಾತಾಡಲಿಲ್ಲ. ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗೋಕೆ ಆಗಲ್ಲ, ಹೋಗಲೂಬಾರದು.

ತಂಗಳ ಅನ್ನೋದು ನಮ್ಮ ಜನಕ್ಕೆ ಬರೀ ಆರಿದ ಊಟ ಅಲ್ಲ. ಈಗಿನ ಹುಡುಗರಿಗೆ ಇದನ್ನ ಬಿಡಿಸಿ ಹೇಳಬೇಕು. ನಮ್ಮ ವಿಜಯಪುರ, ಬೆಳಗಾವಿ, ಧಾರವಾಡ ಸೀಮೆ 1956ರವರೆಗೆ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ 1874ರ ವತನ ಕಾಯ್ದೆ ನಡೀತಿತ್ತು. ಊರ ಕೆಲಸಕ್ಕೆ ಹುಟ್ಟಿನಿಂದಲೇ ಕಟ್ಟಿಹಾಕಿದ ಕೀಳು ವತನದಾರ, ಹಗಲು ರಾತ್ರಿ ಕರೆದಾಗ ಓಡಬೇಕು. ಅದಕ್ಕೆ ತುಂಡು ಇನಾಮು ಭೂಮಿ, ಸುಗ್ಗಿಯಲ್ಲಿ ಒಂದಿಷ್ಟು ಕಾಳು, ದಿನಕ್ಕೆ ಮನೆ ಮನೆ ತಿರುಗಿ ಎತ್ತುವ ರೊಟ್ಟಿ. ದುಡಿದದ್ದಕ್ಕೆ ಕೂಲಿ ಅನ್ನುವ ಹೆಸರಿಲ್ಲ, ಬೇಡಿ ತಂದದ್ದು ಅನ್ನುವ ಹೆಸರು. ಬಾಬಾಸಾಹೇಬರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಆ ಕಾಯ್ದೆಗೆ ತಿದ್ದುಪಡಿ ಬಿಲ್ ತಂದ್ರು. ಅದು ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ಈ ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಅಂದ್ರೆ ಅತ್ತಿ ಸಣ್ಣ ಹುಡುಗಿ ಇದ್ದಾಗ ಕಂಡದ್ದು ಪುರಾಣ ಕಾಲದ್ದಲ್ಲ.

1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಕುಡಿದದ್ದು ಎಲ್ಲರಿಗೂ ಗೊತ್ತು. ಅದೇ ಪರಿಷತ್ತಿನಲ್ಲಿ ಬಾಬಾಸಾಹೇಬರು ಇನ್ನೊಂದು ಮಾತೂ ಹೇಳಿದ್ರು. ಬಿಸಾಡಿದ ತುಣುಕು ತಿನ್ನೋದು ಬಿಡಿ, ಸತ್ತ ದನದ ಮಾಂಸ ಬಿಡಿ, ನೀವೇ ಬೆಳೆದು ಉಣ್ಣಿ ಅಂತ. ಹೊಟ್ಟೆಗೆ ಇಲ್ಲದವರಿಗೆ ಸಿಕ್ಕ ರೊಟ್ಟಿಯನ್ನ ಬಿಡು ಅನ್ನೋದು ಸಣ್ಣ ಮಾತಲ್ಲ. ಆದ್ರೂ ನಮ್ಮ ಹಿರಿಯರು ಬಿಟ್ರು. ಬಿಟ್ಟದ್ದಕ್ಕೆ ಊರವರ ಬಹಿಷ್ಕಾರ ಉಂಡರು.

ಎಂಜಲಿನ ಕತಿ ಮುಗಿದಿಲ್ಲ ಅನ್ನೋದಕ್ಕೆ ಇನ್ನೊಂದು ಮಾತು. ಇನ್ನೊಬ್ಬರು ಉಂಡುಬಿಟ್ಟ ಎಲೆಯ ಮೇಲೆ ಉರುಳೋದನ್ನ ತಡೆಯೋಕೆ ಈ ರಾಜ್ಯಕ್ಕೆ 2017ರಲ್ಲಿ ಒಂದು ಕಾಯ್ದೆ ಬೇಕಾಯಿತು. 1927ಕ್ಕೂ 2017ಕ್ಕೂ ನಡುವೆ 90 ವರ್ಷ.

ಇಷ್ಟೆಲ್ಲಾ ಹಿಂದೆ ಇರುವಾಗ ಅತ್ತಿಗೆ "ಅಯ್ಯೋ, ಹಳೇ ಮಾತು ಬಿಡ್ರಿ" ಅನ್ನೋ ಅಧಿಕಾರ ನನಗಿಲ್ಲ. ನಾನು ಅವರಿಗೆ ಹೇಳಿದ್ದು ಇಷ್ಟು: "ಅತ್ತಿ, ಗೌಡರ ಮನಿ ರೊಟ್ಟಿ ಅವರು ಉಂಡು ಮಿಕ್ಕಿದ್ದು. ಅವರಿಗೆ ಬ್ಯಾಡಾದದ್ದು. ಈ ರೊಟ್ಟಿ ನಮಗ ಅಂತ, ನಮ್ಮ ಜ್ವಾಳದ್ದು, ನಾವು ಎಣಿಸಿ ಮಾಡಿದ್ದು. ಯಾರೂ ಇದನ್ನ ಮೊದಲು ಉಂಡಿಲ್ಲ. ನಿನ್ನಿ ಮಾಡಿದ್ದು ಆದ್ರ ತಂಗಳ ಆಗಲ್ಲ, ಇನ್ನೊಬ್ಬರ ಬಾಯಿಂದ ಉಳಿದದ್ದು ತಂಗಳ."

ಅತ್ತಿ ಒಪ್ಪಿದ್ರು ಅಂತ ಬರೆದ್ರೆ ಸುಳ್ಳಾಗುತ್ತೆ. ಅವರು ಷರತ್ತು ಹಾಕಿದ್ರು. ಒಂದು, ಜ್ವಾಳ ಈ ವರ್ಷದ ಹೊಸದಿರಬೇಕು, ರೇಷನ್ನಿನದು ಬೇಡ. ಎರಡು, ಒಂದೂ ಮುರುಕ ರೊಟ್ಟಿ ಬುಟ್ಟಿಗೆ ಬೀಳಬಾರದು. ಮೂರು, ಯಾರೂ ನಿಂತು ಕೈ ಚಾಚಿ ಈಸ್ಕೊಳ್ಳಬಾರದು. ಎಲ್ಲರೂ ಕುಂತಿರಬೇಕು, ತಾಟು ಇರಬೇಕು, ಬಡಿಸೋರು ಬಗ್ಗಿ ಬಡಿಸಬೇಕು.

ಈ ಮೂರು ಷರತ್ತು ಕೇಳಿದ ಮೇಲೆ ನನಗೆ ಅನಿಸಿತು, ನಾವು ನೂರು ಭಾಷಣದಲ್ಲಿ ಹೇಳೋ ಘನತೆ ಅನ್ನೋ ಪದವನ್ನ ಅತ್ತಿ ಅಡಿಗಿ ಮನಿ ಭಾಷೆಯಲ್ಲಿ ಹೇಳಿದ್ರು ಅಂತ. ಮೂರನ್ನೂ ಠರಾವು ಮಾಡಿ ರಿಜಿಸ್ಟರಿನಲ್ಲಿ ಬರೆದ್ವಿ.

ಈಗ ಮಾಡಿದ ರೀತಿ. ಬಹಳ ಜನ ಇನ್‌ಬಾಕ್ಸಿನಲ್ಲಿ ಕೇಳಿದ್ದೀರಿ, ಒಂದೇ ಸಲ ಹೇಳ್ತೀನಿ.

ಲೆಕ್ಕ: 150 ಜನ, ತಲಾ ಎರಡು ರೊಟ್ಟಿ, 300. ತೆಳ್ಳಗೆ ಬಡಿದ್ರೆ ಒಂದು ಕಿಲೋ ಹಿಟ್ಟಿಗೆ 18ರಿಂದ 20 ರೊಟ್ಟಿ. 18 ಕಿಲೋ ಬೀಸಿಸಿದ್ವಿ. ಹಿಂಗಾರಿ ಬಿಳಿ ಜೋಳದ ರಾಶಿ ಫೆಬ್ರವರಿ, ಮಾರ್ಚಿಗೆ ಮುಗಿಯೋದ್ರಿಂದ ಏಪ್ರಿಲಿಗೆ ಹೊಸ ಜೋಳ ಸಿಗುತ್ತೆ, ಅತ್ತಿಯ ಮೊದಲ ಷರತ್ತು ಸಲೀಸಾಗಿ ನಡೀತು. ಹಿಟ್ಟು ಬೀಸಿಸಿದ್ದು ಬಳಸುವ ಹಿಂದಿನ ದಿನ. ಹಳೇ ಹಿಟ್ಟು ಬಡಿಯುವಾಗ ಅಂಚು ಒಡೀತದೆ.

ನಾಲ್ಕು ಒಲಿ, ಮೂರು ಸಂಜೆ. ದಿನಕ್ಕೆ 100 ರೊಟ್ಟಿ, ಒಲಿಗೆ 25. ಕಚೇರಿ, ಕೂಲಿ ಮುಗಿಸಿ ಬಂದ ಮೇಲೆ ಒಂದೂವರೆ, ಎರಡು ತಾಸಿನ ಕೆಲಸ.

ಪರಾತದಲ್ಲಿ ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯೋ ಎಸರು ಹಾಕಿ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಕುದಿ ನೀರು ಬಿದ್ದು ಹಿಟ್ಟು ಅರ್ಧ ಬೆಂದಾಗಲೇ ಜಿಗುಟು ಬರೋದು. ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ. ಒಮ್ಮೆಗೆ ಎರಡು ಮೂರು ರೊಟ್ಟಿಗೆ ಆಗುವಷ್ಟು ಮಾತ್ರ ನಾದಿ, ಇಟ್ಟ ಹಿಟ್ಟು ಒಣಗುತ್ತೆ. ಬಡಿದು ಕಾದ ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವಿಯಿಂದ ನೀರು ಸವರಿ. ನೀರು ಆರಿದ ಕೂಡಲೇ ತಿರುವಿ. ಎರಡೂ ಕಡೆ ಬೆಂದು ಉಬ್ಬಿದ ಮೇಲೆ ಅದು ತಿನ್ನೋ ರೊಟ್ಟಿ, ಇನ್ನೂ ಕಡಕ್ ಅಲ್ಲ.

ಕಡಕ್ ಆಗಬೇಕಾದ್ರೆ ಎರಡನೇ ಬೇಯಿಸುವಿಕೆ ಬೇಕು. ಸಣ್ಣ ಉರಿಯ ಹಂಚಿನ ಮೇಲೆ ಇಟ್ಟು, ಒಣ ಅರಿವಿ ಉಂಡಿ ಮಾಡಿ ಒತ್ತುತ್ತಾ, ತಿರುವುತ್ತಾ, ಒಳಗಿನ ನೀರೆಲ್ಲಾ ಹೋಗೋವರೆಗೆ ಬೇಯಿಸಿ. ಬೆರಳಿಂದ ಬಡಿದ್ರೆ ಟಣ್ ಅನ್ನಬೇಕು. ಬಿಸಿ ಇರುವಾಗ ಒಂದರ ಮೇಲೆ ಒಂದು ಹೇರಬೇಡಿ, ಉಗಿ ಹಿಡಿದು ಮೆತ್ತಗಾಗ್ತವೆ. ಬಿಡಿಬಿಡಿಯಾಗಿ ಆರಿಸಿ, ಆಮೇಲೆ ಬುಟ್ಟಿಯಲ್ಲಿ ಒಣ ಬಿಳಿ ಅರಿವಿ ಹಾಸಿ ಜೋಡಿಸಿ. ನೀರಿನ ಪಸೆ ತಾಗದಿದ್ರೆ ವಾರಗಟ್ಟಲೆ ಇರ್ತವೆ. ಹೊಲಕ್ಕೆ, ದುಡಿಯೋಕೆ ದೂರ ಹೋಗೋರು ಗಂಟು ಕಟ್ಟಿಕೊಂಡು ಹೋಗ್ತಿದ್ದದ್ದು ಇದನ್ನೇ.

ಶೇಂಗಾ ಹಿಂಡಿ ವಾರ ಮೊದಲೇ ಆಯಿತು. ಹುರಿದ ಶೇಂಗಾ, ಬಳ್ಳೊಳ್ಳಿ, ಖಾರ, ಜೀರಗಿ, ಉಪ್ಪು, ಕುಟ್ಟೋದಷ್ಟೇ. ಹನಿ ನೀರು ಬೇಡ. ಝುಣಕದ ವಡಿ ಮಾತ್ರ 13ರ ರಾತ್ರಿ 10ಕ್ಕೆ, ಕೊನೆಯ ಕೆಲಸವಾಗಿ. ಏಪ್ರಿಲ್ ಸೆಕೆಗೆ ಕೆಡಬಾರದು ಅಂತ ಉಳ್ಳಾಗಡ್ಡಿ ಹಾಕಲಿಲ್ಲ. ಕಡಲಿ ಹಿಟ್ಟನ್ನ ಒಗ್ಗರಣೆಯಲ್ಲಿ ಗಟ್ಟಿಯಾಗಿ ಕುದಿಸಿ, ಎಣ್ಣೆ ಸವರಿದ ತಾಟಿಗೆ ಹರವಿ, ಕೊಯ್ದು, ತೆಳ್ಳನೆ ಅರಿವಿ ಮುಚ್ಚಿಟ್ವಿ. ಮುಂಜಾನೆ ಸೌತಿಕಾಯಿ, ಉಳ್ಳಾಗಡ್ಡಿ ಹೆಚ್ಚಿದ್ದು ಹತ್ತನೇ ಕ್ಲಾಸಿನ ಗಂಡು ಹುಡುಗರು. ಚಹಾ ಓಣಿಯ ಚಹಾದಂಗಡಿಗೆ ರೊಕ್ಕ ಕೊಟ್ಟು ಹೇಳಿದ್ದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮುಂಜಾನೆಯ ದುಡಿಮೆಯನ್ನ ಹಿಂದಿನ ಮೂರು ರಾತ್ರಿಗೆ ತಳ್ಳಿ ಅದನ್ನೂ ಹೆಣ್ಣುಮಕ್ಕಳ ತಲಿಗೇ ಕಟ್ಟಿದ್ರೆ ಅದು ಬದಲಾವಣೆ ಅಲ್ಲ, ಟೈಮ್‌ಟೇಬಲ್ ತಿದ್ದುಪಡಿ ಅಷ್ಟೇ. ಅದಕ್ಕೆ ನಾವು ಪಾಳಿ ಹಾಕಿದ್ವಿ. ನಾದೋದು, ಬಡಿಯೋದು ಬಲ್ಲವರದು. ಎರಡನೇ ಬೇಯಿಸುವಿಕೆ, ಆರಿಸೋದು, ಜೋಡಿಸೋದು, ಪಾತ್ರೆ ತಿಕ್ಕೋದು ಪೂರಾ ಗಂಡಸರದು. ಸಂಘಟನೆಯ ತಾಲ್ಲೂಕು ಮುಖಂಡರೊಬ್ಬರು ಮೂರು ಸಂಜೆಯೂ ಹಂಚಿನ ಮುಂದೆ ಕುಂತು ಅರಿವಿ ಒತ್ತಿದ್ರು. ಬಡಿಯೋಕೂ ಕೈ ಹಾಕಿದ್ರು. ಅವರ ಮೊದಲ ರೊಟ್ಟಿ ಕರ್ನಾಟಕದ ನಕಾಶೆ ಆಯಿತು, ಬೀದರ್ ಮುರಿದು ಕೈಯಲ್ಲಿ ಬಂತು. ಎರಡನೇ ಷರತ್ತಿನ ಪ್ರಕಾರ ಅತ್ತಿ ಅದನ್ನ ಬುಟ್ಟಿಗೆ ಬಿಡಲಿಲ್ಲ. ಅವರೇ ತಿಂದ್ರು.

14ರ ಮುಂಜಾನೆ 7ಕ್ಕೆ ಧ್ವಜದ ಮುಂದೆ ಓಣಿಯ ಹೆಣ್ಣುಮಕ್ಕಳೆಲ್ಲಾ ಇದ್ರು. ಹಿಂದೆ ಅಲ್ಲ, ಮುಂದಿನ ಸಾಲಿನಲ್ಲಿ. ಯಾರ ಸೀರಿಗೂ ಹೊಗಿ ವಾಸನಿ ಇರಲಿಲ್ಲ. ಪೀಠಿಕೆ ಓದಿದ್ದು ಪ್ರತಿ ವರ್ಷ ಉಪ್ಪಿಟ್ಟಿನ ಬೋಗುಣಿ ಮುಂದೆ ಇರ್ತಿದ್ದ ನಮ್ಮ ತಂಗಿ, ಗಾರ್ಮೆಂಟ್ಸ್ ಕೆಲಸದಾಕೆ. "ಸಮಾನತೆ" ಅನ್ನೋ ಪದಕ್ಕೆ ಬಂದಾಗ ಧ್ವನಿ ನಡುಗಿತು, ಆದ್ರೂ ಪೂರ್ತಿ ಓದಿದ್ಲು. ಆಮೇಲೆ ಚಾಪೆ ಹಾಸಿ ಪಂಕ್ತಿ. ಮಂಡಿ ನೋವಿನವರಿಗೆ ಕುರ್ಚಿ. ಅತ್ತಿ ಕುರ್ಚಿ ಮೇಲೆ ಕುಂತು ರೊಟ್ಟಿ ಮುರಿದ್ರು, ಸದ್ದು ಕೇಳಿದ್ರು, "ಬೆಂದೈತಿ" ಅಂದ್ರು. ಅವರ ಬಾಯಿಂದ ಅದು ದೊಡ್ಡ ಸರ್ಟಿಫಿಕೇಟು.

ಇದೇ ರೊಟ್ಟಿಯ ಇನ್ನೊಂದು ಮುಖ ಹೇಳದೆ ಮುಗಿಸಿದ್ರೆ ಸಿಹಿ ಕತಿ ಆಗಿಬಿಡುತ್ತೆ. 2023ರಲ್ಲಿ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಯಿತು. ಕಡಕ್ ರೊಟ್ಟಿ ಈಗ ಬೆಂಗಳೂರಿನಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತೆ, ಆರೋಗ್ಯಕ್ಕೆ ಒಳ್ಳೇದು ಅಂತ. ನಮ್ಮ ಓಣಿಯ ಅಕ್ಕ ಒಬ್ಬರು ರೊಟ್ಟಿ ಮಾಡಿ ಹತ್ತಿರದ ಪಟ್ಟಣದ ಖಾನಾವಳಿಗೆ ಕೊಡ್ತಿದ್ರು. ರೊಟ್ಟಿ ಚೆನ್ನಾಗಿದ್ದಾಗ ಅದು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಒಂದು ದಿನ ಯಾರೋ ಕೇಳಿದ್ರು, ಓಣಿ ಹೆಸರು ಗೊತ್ತಾಯಿತು, ಮರುವಾರ ಆರ್ಡರ್ ನಿಂತಿತು. ಕಾರಣ ಅವರು ಬಾಯಿಬಿಟ್ಟು ಹೇಳಲಿಲ್ಲ. "ಸದ್ಯ ಬ್ಯಾಡ್ರಿ" ಅಂದ್ರು ಅಷ್ಟೇ. ನಮ್ಮ ಹಿರಿಯರು ಅವರ ಮನೆಯ ನಿನ್ನಿ ರೊಟ್ಟಿ ತಿನ್ನಬೇಕಿತ್ತು. ನಮ್ಮ ಕೈಯ ಇವತ್ತಿನ ರೊಟ್ಟಿ ಅವರ ತಾಟಿಗೆ ಬೇಡ. ಜಾತಿ ರೊಟ್ಟಿಯೊಳಗೂ ಒಂದೇ ದಿಕ್ಕಿಗೆ ಹರಿಯೋದು ಹೀಗೆ.

ಅದಕ್ಕೇ ಏಪ್ರಿಲಿನ ಆ 300 ರೊಟ್ಟಿಯ ಬಡಿಯೋ ಉಸ್ತುವಾರಿ ನಾವು ಆ ಅಕ್ಕನಿಗೇ ಕೊಟ್ಟದ್ದು, ಸಂಘದ ಹುಂಡಿಯಿಂದ ಕೂಲಿ ಲೆಕ್ಕ ಹಾಕಿ. "ನಮ್ಮ ಕಾರ್ಯಕ್ರಮಕ್ಕ ರೊಕ್ಕ ತಗೋಳ್ಳೋದು ಹ್ಯಾಂಗ" ಅಂತ ಅವರು ಹಿಂಜರಿದ್ರು. ಧ್ವನಿವರ್ಧಕದವರು ತಗೋತಾರೆ, ಪೆಂಡಾಲಿನವರು ತಗೋತಾರೆ. ರೊಟ್ಟಿ ಬಲ್ಲ ಕೈ ಮಾತ್ರ ಯಾಕೆ ಪುಕ್ಕಟೆ?

1942ರ ಜುಲೈಯಲ್ಲಿ ನಾಗಪುರದ ಮಹಿಳಾ ಪರಿಷತ್ತಿನಲ್ಲಿ ಬಾಬಾಸಾಹೇಬರು, ಒಂದು ಸಮುದಾಯ ಎಷ್ಟು ಮುಂದೆ ಬಂದಿದೆ ಅನ್ನೋದನ್ನ ಅದರ ಹೆಣ್ಣುಮಕ್ಕಳು ಎಷ್ಟು ಮುಂದೆ ಬಂದಿದ್ದಾರೆ ಅನ್ನೋದರಿಂದ ಅಳೀತೀನಿ ಅನ್ನೋ ಅರ್ಥದ ಮಾತು ಹೇಳಿದ್ರು. ಆ ಮಾತನ್ನ ಪ್ರತಿ ಬ್ಯಾನರಿನಲ್ಲೂ ಹಾಕಿಸ್ತೇವೆ. ಬ್ಯಾನರ್ ಕಟ್ಟೋ ಹೊತ್ತಿಗೆ ಹೆಣ್ಣುಮಕ್ಕಳು ಎಲ್ಲಿದ್ದಾರೆ ಅಂತ ಒಮ್ಮೆ ತಿರುಗಿ ನೋಡಿ, ಅಳತೆ ಅಲ್ಲೇ ಸಿಗುತ್ತೆ.

ಈ 25ಕ್ಕೆ ನಮ್ಮಲ್ಲಿ ಸಜ್ಜಿ ರೊಟ್ಟಿ. ಮುಂಗಾರಿ ಸಜ್ಜಿ ಈಗ ಹೊಸದು ಬಂದಿದೆ. ಎಳ್ಳು ಹಚ್ಚಿ ಬಡಿಯೋದು. ಸಜ್ಜಿ ಹಿಟ್ಟು ಜೋಳಕ್ಕಿಂತ ಬೇಗ ಕಹಿಯಾಗುತ್ತೆ, ಬೀಸಿಸಿದ ದಿನವೇ ಬಡಿದುಬಿಡಿ. ಚಳಿ ಇರೋದ್ರಿಂದ ಈ ಸಲ ರಾತ್ರಿ ಕುದಿಸಿದ ಮೊಟ್ಟೆಯೂ ಇರುತ್ತೆ, ಸಿಪ್ಪಿ ಸಮೇತ.

ನಿಮ್ಮ ಊರಿನ ಕರಪತ್ರ ಇನ್ನೂ ಪ್ರಿಂಟಿಗೆ ಹೋಗಿಲ್ಲ ಅಂದ್ರೆ ಒಂದು ಕೆಲಸ ಮಾಡಿ. ಉಪಾಹಾರದ ಸಾಲಿನ ಪಕ್ಕ ರೊಟ್ಟಿ ಮಾಡಿದವರ ಹೆಸರು ಹಾಕಿಸಿ, ಭಾಷಣಕಾರರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ. ಪಾಳಿಯ ಪಟ್ಟಿ ಬೇಕಾದವರು ಕಾಮೆಂಟಿನಲ್ಲಿ ಕೇಳಿ, ರಿಜಿಸ್ಟರಿನ ಫೋಟೋ ಕಳಿಸ್ತೀನಿ.

ಜೈ ಭೀಮ್. ಜೈ ಸಾವಿತ್ರಿ.